ಪುಕ್ಕಟೆ ಹಾಡಿಗೆ ಎಷ್ಟು ಕೊಡೋಣ?

ಪುಕ್ಕಟೆ ಸಿಕ್ಕಿದ್ದಕ್ಕೆ ಬೆಲೆಯಿಲ್ಲವೆಂಬ ಮಾತನ್ನು ಕೇಳುತ್ತಲೇ ಬೆಳೆದವರು ನಾವು. ಆದ್ದರಿಂದ ನಮ್ಮ ಈ ಮೆಲ್ಬರ್ನಿನದೇ ಒಂದು ಬ್ಯಾಂಡ್ ತನ್ನ ಇಡೀ ಆಲ್ಬಂ ಒಂದನ್ನು ಲೋಕಕ್ಕೆ ಬಿಟ್ಟುಕೊಟ್ಟಿದೆಯೆಂದು ಮಗಳು ಹೇಳಿದಾಗ, ಖರ್ಚಾಗದೆ ಉಳಿದ ಸರಕಿರಬೇಕೆಂದೇ ಮನೆಯಲ್ಲಿ ಮಾತಾಯಿತು.

ಬ್ಯಾಂಡಿನ ಹೆಸರು ಕಿಂಗ್ ಗಿಜರ್ಡ್ ಅಂಡ್ ದ ಲಿಜರ್ಡ್ ವಿಜರ್ಡ್. ಒಂದೇ ಉಸಿರಿನಲ್ಲಿ ಹೇಳಲು ನಮಗೆ ಇಂದಿಗೂ ಸಾಧ್ಯವಾಗಿಲ್ಲ. 2010ರಲ್ಲಿ ಇಲ್ಲಿ ಕೂಡಿಕೊಂಡ ಈ ತರುಣರು 2017 ಒಂದೇ ವರ್ಷದಲ್ಲಿ ಐದು ಆಲ್ಬಂಗಳನ್ನು ಹೊರತಂದರು. ಅವುಗಳಲ್ಲಿ ನಾಲ್ಕನೆಯದು, ನವೆಂಬರ್ 17ರಂದು ಬಂದ ‘ಪಾಲಿಗೊಂಡ್ವಾನಾಲ್ಯಾಂಡ್’. ಕೇಳುವುದಕ್ಕಷ್ಟೇ ಉಚಿತವೆಂದಲ್ಲ; ಮೂಲ ಧ್ವನಿಮುದ್ರಿಕೆಯ ಕಡತಗಳನ್ನೂ ಹೊದಿಕೆಯ ಚಿತ್ರವನ್ನೂ ಅಂತರ್ಜಾಲದಲ್ಲಿಟ್ಟು, ಬೇಕಾದವರು ಸಿ.ಡಿ., ಕ್ಯಾಸೆಟ್, ಎಲ್.ಪಿ. ಏನನ್ನಾದರೂ ಮಾಡಿಕೊಳ್ಳಬಹುದು, ಮಾರಲೂಬಹುದು ಎಂದು ಸಾರಿದರು. ಹಲವು ದೇಶಗಳ ಸಣ್ಣಪುಟ್ಟ ಕಂಪನಿಗಳು ಹಾಗೆಯೇ ಮಾಡಿದವು. ಹೆಸರಿನೊಳಗೆ ಅಡಗಿರುವ ಗೊಂಡ್ವಾನವೆಂಬುದು ಭೂವಿಜ್ಞಾನಿಗಳು ಮಧ್ಯಭಾರತದ ಗೊಂಡರ ನಾಡಿನಿಂದ ತೆಗೆದುಕೊಂಡ ಪದ. ಭಾರತವೂ ಆಸ್ಟ್ರೇಲಿಯವೂ ಒಂದೇ ನೆಲವಾಗಿದ್ದ ಪುರಾತನ ಮಹಾಖಂಡದ ಹೆಸರು. ಅಲ್ಲಿಂದ ಇಲ್ಲಿಗೆ ಬಂದು ನೆಲೆಸಿದ ನಮಗೆ ಅದು ಹಿಡಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಹಿಡಿಸದಿದ್ದದ್ದು ‘ಸೈಕೆಡೆಲಿಕ್’ ಎಂಬ ವಿಶೇಷಣ. ಹದಿನಾರರ ಮಗಳ ಬಾಯಿಂದ ಆ ಪದ ಬಂದರೆ ಯಾವ ತಂದೆತಾಯಿಗೆ ಗಾಬರಿಯಾಗದು? ‘ಮನಸ್ಸನ್ನು ತೆರೆದು ತೋರುವಂಥದು’ ಎಂಬುದು ಅದರ ಗ್ರೀಕ್ ಮೂಲದ ಅರ್ಥ. 1950ರ ದಶಕದಲ್ಲಿ ಮನೋವೈದ್ಯರೊಬ್ಬರು ಎಲ್.ಎಸ್.ಡಿ.ಯಂಥ ದ್ರವ್ಯಗಳಿಗಾಗಿಯೇ ಅದನ್ನು ಟಂಕಿಸಿದರೆಂಬುದೂ ನಿಜ. ಈ ಎರಡನ್ನೂ ಮಗಳೊಡನೆ ಮುಚ್ಚುಮರೆಯಿಲ್ಲದೆ ಮಾತನಾಡಿದೆವು. “ನಾನು ಹಾಡು ಕೇಳ್ತಿದೀನಿ, ಅಷ್ಟೇ” ಎಂದಳು. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಬಾಗಿಲು ಹಾಕಿಕೊಳ್ಳುವ ಬದಲು ನಡುಮನೆಯಲ್ಲಿ ಕೇಳಿಸೆಂಬ ಒಂದೇ ಷರತ್ತಿಗೆ ಒಪ್ಪಿದಳು.

ಊರಿನಿಂದ ಅಜ್ಜಿ ಬಂದಿದ್ದ ಸಮಯವದು. ಮೊದಲ ಹಾಡೇ ಹತ್ತು ನಿಮಿಷಗಳನ್ನು ಮೀರುತ್ತದೆ. ಗಿಟಾರಿನ ಎಣಿಕೆ ಒಂದು, ಡ್ರಮ್ಮಿನದು ಇನ್ನೊಂದು. “ಏನೇ ಇದು, ಒಬ್ಬೊಬ್ರು ಒಂದೊಂದು ತಾಳ ಹಾಕ್ತಿದಾರೆ?” ಎಂದ ಅಜ್ಜಿ, ಬಿಡಿಸುತ್ತಿದ್ದ ಅವರೆಕಾಯಿಯನ್ನು ಬದಿಗಿಟ್ಟು ತೊಡೆಯ ಮೇಲೆ ಬೆರಳಿನಿಂದ ಎಣಿಸತೊಡಗಿದರು. ಮಿಶ್ರಚಾಪು, ಖಂಡಚಾಪುಗಳನ್ನು ಎಳೆವಯಸ್ಸಿನಲ್ಲೇ ಕೈಗೆ ಹತ್ತಿಸಿಕೊಂಡವರು. ಎರಡು ಸಲ ತಪ್ಪಿ, ಮೂರನೆಯ ಸಲ, “ನೋಡು, ಎಲ್ಲಾರೂ ಈಗ ಸೇರ್ತಾರೆ” ಎಂದರು, ಸೇರಿದರು! ಮೊಮ್ಮಗಳ ಮುಖವನ್ನು ಆಗ ನೋಡಬೇಕಿತ್ತು. ಅದೇ ವರ್ಷದ ಇನ್ನೊಂದು ಆಲ್ಬಮ್ಮಿಗಾಗಿ ಇವರು ಗಿಟಾರುಗಳಿಗೆ ಹೆಚ್ಚಿನ ಮೆಟ್ಟಿಲುಗಳನ್ನು ಕೂರಿಸಿ, ಸ್ವರ ಸ್ವರಗಳ ನಡುವಣ ಸ್ವರಗಳನ್ನು ನುಡಿಸಿದ್ದಾರೆಂದು ಅವಳು ಹೇಳಿದ್ದಕ್ಕೆ, ಗಮಕ ಮಾಡುವುದಕ್ಕೆ ಅಷ್ಟೆಲ್ಲ ಬಡಗಿಕೆಲಸವೇಕೆಂದು ಅಜ್ಜಿ ಕೇಳಿದರು. ಅರಚಾಟದ ಹಾಡುಗಳು ಅವರಿಗೂ ನಮಗೂ ರುಚಿಸಲಿಲ್ಲವೆಂಬುದನ್ನು ಇಲ್ಲಿಯೇ ಹೇಳಿಬಿಡಬೇಕು.

ಅಜ್ಜಿಯ ಬಳಿ ಒಂದು ಹಾಡಿನ ಪುಸ್ತಕವಿದೆ. ಹಸೆಗೆ ಕರೆಯುವ ಹಾಡು, ಆರತಿ ಹಾಡು, ದಾಸರ ಪದ, ಎಲ್ಲವೂ ಒಬ್ಬರ ಪುಸ್ತಕದಿಂದ ಇನ್ನೊಬ್ಬರು ಕೈಯಲ್ಲಿ ಬರೆದುಕೊಂಡವು. ಅದಕ್ಕಾಗಿ ಯಾರೂ ಕಾಸು ಕೊಟ್ಟಿಲ್ಲ, ಯಾರೂ ಕೇಳಿಲ್ಲ. ಹಾಗೆಂದು ಪುರಂದರದಾಸರ ಪದದ ಅಂಕಿತವನ್ನು ಬಿಟ್ಟು ಹಾಡಿದವರೂ ಇಲ್ಲ. ಹಾಡು ಎಲ್ಲರದು, ಹೆಸರು ಮಾತ್ರ ಕಟ್ಟಿದವರದು. ಈ ಬ್ಯಾಂಡಿನವರು ಮಾಡಿದ್ದೂ ಹೆಚ್ಚುಕಡಿಮೆ ಅದೇ ಎಂದು ಅಜ್ಜಿಗೆ ಬಿಡಿಸಿ ಹೇಳಬೇಕಾಗಲಿಲ್ಲ.

ತಕರಾರು ಬಂದದ್ದು ಹಣದ ವಿಷಯಕ್ಕೆ. ಸ್ಪಾಟಿಫೈನ ಆಗಿನ ಮುಖ್ಯಸ್ಥರು ಯುದ್ಧತಂತ್ರಜ್ಞಾನದ ಕಂಪನಿಯೊಂದರಲ್ಲಿ ಬಂಡವಾಳ ಹೂಡಿದ್ದನ್ನು ವಿರೋಧಿಸಿ 2025ರ ಜುಲೈನಲ್ಲಿ ಬ್ಯಾಂಡಿನವರು ತಮ್ಮ ಹಾಡುಗಳನ್ನು ಅಲ್ಲಿಂದ ತೆಗೆದು, ಬ್ಯಾಂಡ್‌ಕ್ಯಾಂಪಿನಲ್ಲಿ ‘ಮನಸ್ಸಿಗೆ ಬಂದಷ್ಟು ಕೊಡಿ’ ಎಂದು ಇಟ್ಟಿದ್ದರು. ಮೊತ್ತದ ಜಾಗದಲ್ಲಿ ಸೊನ್ನೆಯನ್ನೂ ಬರೆಯಬಹುದು. ಶನಿವಾರಗಳಂದು ಬೇಕರಿಯಲ್ಲಿ ದುಡಿದ ಹಣದಿಂದ ಮಗಳು ಹತ್ತು ಡಾಲರ್ ಬರೆದಳು. ಉಚಿತವೆಂದವರಿಗೆ ಹಣವೇಕೆಂದು ನಮ್ಮಲ್ಲೊಬ್ಬರ ಪ್ರಶ್ನೆ. ಕಚೇರಿಗೆ ಕರೆದ ವಿದ್ವಾಂಸರಿಗೆ ಸಂಭಾವನೆ ಕೊಡದೆ ಬರಿಯ ತಾಂಬೂಲ ಕೊಟ್ಟು ಕಳುಹಿಸುತ್ತೇವೆಯೇ ಎಂದು ಇನ್ನೊಬ್ಬರ ಉತ್ತರ. ನಮ್ಮ ಸಂಘದ ವೇದಿಕೆಯಲ್ಲಿ ‘ಸೇವೆ’ಯೆಂದು ಪುಕ್ಕಟೆ ಹಾಡಿಸುವ ನಮ್ಮದೇ ಮಕ್ಕಳ ಮಾತೂ ಆ ರಾತ್ರಿ ಬಂತು, ಅದು ಇನ್ನೂ ತೀರ್ಮಾನವಾಗಿಲ್ಲ. ಈಗ ಮನೆಯಲ್ಲೊಂದು ಏರ್ಪಾಡಿದೆ: ಮೂರು ಸಲ ಕೇಳಿಯೂ ಮತ್ತೆ ಬೇಕೆನಿಸಿದರೆ ಹಣ, ಇಲ್ಲವಾದರೆ ಸೊನ್ನೆ.

ಹುಡುಕುವವರಿಗೆ ಬೇರೆ ದಾರಿಗಳೂ ಇವೆ. ಇಂಟರ್ನೆಟ್ ಆರ್ಕೈವಿನಲ್ಲಿ ಕಲಾವಿದರ ಒಪ್ಪಿಗೆಯಿಂದ ಅಭಿಮಾನಿಗಳೇ ಧ್ವನಿಮುದ್ರಿಸಿಟ್ಟ ಕಛೇರಿಗಳು ಸಾವಿರಾರಿವೆ. ಗ್ರೇಟ್‌ಫುಲ್ ಡೆಡ್‌ನಂಥ ಹಳಬರದೂ ಸಿಗುತ್ತವೆ. ಮಕ್ಕಳನ್ನು ಜೊತೆಗೆ ಕೂರಿಸಿಕೊಂಡು ಹುಡುಕುವುದು ಮೇಲು; ಅವರಿಗೆ ದಾರಿ ಚೆನ್ನಾಗಿ ಗೊತ್ತು.

ಅಜ್ಜಿ ಹೊರಡುವ ಮುನ್ನ ಮಗಳು ಆ ಆಲ್ಬಮ್ಮನ್ನು ಪೆನ್ ಡ್ರೈವಿಗೆ ಹಾಕಿ, ಬ್ಯಾಂಡಿನ ಹೆಸರನ್ನು ಕನ್ನಡದಲ್ಲಿ ಬರೆದು ಅಂಟಿಸಿಕೊಟ್ಟಳು. ‘ವಿಜರ್ಡ್’ನ ರೇಫೆಯನ್ನು ಅಜ್ಜಿಯೇ ತಿದ್ದಿದರು.