ಎದ್ದು ನಿಲ್ಲಬೇಡಿ

ಹರಿಗೋಲಿನ ಅಂಚು ಒದ್ದೆಯಾಗಿದೆ. ಬಿದಿರಿನ ಹೆಣಿಗೆಯ ಮೇಲೆ ಬಳಿದ ಡಾಂಬರಿನ ವಾಸನೆ ಮೂಗಿಗೆ ಅಡರುತ್ತಿದೆ. ಕಾರ್ತಿಕ ಮುಗಿಯುತ್ತ ಬಂದ ಬೆಳಗು. ಗುತ್ತಲದಿಂದ ಬೈಕಿನಲ್ಲಿ ಬಂದ ನಿಮ್ಮ ಕಿವಿಯಲ್ಲಿ ಚಳಿಗಾಳಿ ಇನ್ನೂ ಗುಂಯ್‌ಗುಡುತ್ತಿದೆ. ದಂಡೆಯ ಮೇಲೆ, ಮಂಜಿನೊಳಗೆ, ಗಳಗೇಶ್ವರ ಗುಡಿಯ ಮೆಟ್ಟಿಲು ಮೆಟ್ಟಿಲಾಗಿ ಏರಿದ ಬುನಾದಿ ಕಾಣುತ್ತದೆ.

“ಎದುರು ಬದರು ಕುಂದರ್ರಿ ಅಣ್ಣಾರ, ತೂಕ ಸಮ ಇರ್ಲಿ,” ಎನ್ನುತ್ತಾನೆ ಅಂಬಿಗ ಕಾಕಾ. ಮಗಳು ನಿಮ್ಮ ಪಕ್ಕದಿಂದೆದ್ದು ಆಚೆ ಬದಿಗೆ ಹೋಗಿ ಕೂರುತ್ತಾಳೆ. ಒಂದು ಮಾರಿನ ದೂರವೂ ಇಲ್ಲ. ಆದರೂ ನಿಮ್ಮ ಕೈ ಅವಳನ್ನು ಮುಟ್ಟುವುದಿಲ್ಲ.

ಈ ಹೊಳೆಗೆ ನೀವು ಬಂದಿರುವುದು ನಿಮ್ಮನ್ನೇ ಪರೀಕ್ಷಿಸಿಕೊಳ್ಳಲು. ಮನೆಯ ಪಡಸಾಲೆಯಲ್ಲಿ ವಾರದಿಂದ ನಕ್ಷೆ ಹಾಸಿಯೇ ಇದೆ. ಹಾನಗಲ್, ಶಿರಸಿ, ಸಿದ್ದಾಪುರದ ಮೇಲೆ ಹಾಯ್ದು ಹೊನ್ನೇಮರಡು. ಘಟ್ಟ ಇಳಿದು ಮುರುಡೇಶ್ವರ, ನೇತ್ರಾಣಿ ದ್ವೀಪ. ಕಾರವಾರದ ಮೇಲಿಂದ ಮತ್ತೆ ಘಟ್ಟ ಹತ್ತಿ ಕಾಳಿ ಹೊಳೆಯ ಗಣೇಶಗುಡಿ. ಕೆರೆಯಂಥ ಹಿನ್ನೀರು, ಕಡಲು, ಹೊಳೆ, ಮೂರೂ ಒಂದೇ ಸುತ್ತಿನಲ್ಲಿ. ದುಡ್ಡು ಕಟ್ಟುವ ಮೊದಲು ನಿಮ್ಮ ಮೈ ಏನನ್ನುತ್ತದೆ ಎಂದು ಕೇಳಬೇಕಿದೆ.

ಹರಿಗೋಲು ತುಂಗಭದ್ರೆಯ ನಡುವಿಗೆ ಸರಿಯುತ್ತದೆ. ಎಡಕ್ಕೆ ವರದೆ ಬಂದು ಸೇರುತ್ತಿದೆ. ಅದು ಹುಟ್ಟುವುದು ಸಾಗರ ತಾಲ್ಲೂಕಿನ ವರದಾಮೂಲದಲ್ಲಿ, ನೀವು ಹೋಗಬೇಕೆಂದಿರುವ ಹೊನ್ನೇಮರಡಿನ ಸೀಮೆಯಲ್ಲೇ. ಅಲ್ಲಿ ಬಿದ್ದ ಮಳೆ ಒಂದಿಷ್ಟು ಶರಾವತಿಗಿಳಿದು ಜೋಗದಲ್ಲಿ 253 ಮೀಟರ್ ಧುಮುಕಿ ಹೊನ್ನಾವರದ ಕಡಲಿಗೆ ಹೋಗುತ್ತದೆ. ಇನ್ನೊಂದಿಷ್ಟು ಇಲ್ಲಿಗೆ, ನಿಮ್ಮ ಕಾಲಡಿಗೆ ಬಂದಿದೆ.

ಎರಡು ನೀರು ಕೂಡುವ ಗೆರೆ ಬಂತು. ಹುಟ್ಟಿನ ಸದ್ದು ತಟ್ಟನೆ ನಿಲ್ಲುತ್ತದೆ. ಹರಿಗೋಲು ತಿರುಗುತ್ತದೆ. ಗುಡಿ ಬಲಕ್ಕೆ ಹೋಯಿತು, ಬೆನ್ನ ಹಿಂದೆ ಹೋಯಿತು, ಮತ್ತೆ ಎಡಕ್ಕೆ ಬಂತು. ಅಂಚು ವಾಲುತ್ತದೆ. ತಣ್ಣೀರು ತೊಡೆಗೆ ರಪ್ಪನೆ ಬಡಿಯುತ್ತದೆ. “ಅಪ್ಪಾ!” ನಿಮ್ಮ ಮೊಣಕಾಲು ತಾವಾಗಿಯೇ ನೆಟ್ಟಗಾಗುತ್ತವೆ. ಏಳುತ್ತಿದ್ದೀರಿ.

“ಏಳಬ್ಯಾಡ್ರಿ! ಕುಂದರ್ರಿ, ಕುಂದರ್ರಿ!”

ಕೂರುತ್ತೀರಿ. ಬಾಯಿ ಒಣಗಿದೆ, ಕಿವಿಯಲ್ಲಿ ನಿಮ್ಮದೇ ಎದೆಬಡಿತ. ಹುಟ್ಟು ಎರಡು ಸಲ ಆಳಕ್ಕೆ ಹೋಗುತ್ತದೆ, ಹರಿಗೋಲು ಸುಮ್ಮನಾಗುತ್ತದೆ. ಮಗಳು ಕೂತಲ್ಲೇ ಕೂತಿದ್ದಾಳೆ, ಎರಡೂ ಕೈಯಲ್ಲಿ ಅಂಚು ಹಿಡಿದು. ಕೂತವಳು ಅವಳು. ಎದ್ದವರು ನೀವು.

“ನೆಲದ ಮ್ಯಾಲೆ ಕಲ್ತಿದ್ದು ನೀರಾಗ ನಡಿಯಂಗಿಲ್ರಿ,” ಎನ್ನುತ್ತಾನೆ ಕಾಕಾ, ಬೈಯದೆ. ಇದೇ ಹೊಳೆಯ ದಂಡೆಯ ಚೌಡದಾನಪುರ 12ನೇ ಶತಮಾನದ ಅಂಬಿಗರ ಚೌಡಯ್ಯನ ಊರು ಎಂದು ನಂಬಿದ ಸೀಮೆ ಇದು. ಅಂಬಿಗನ ಮಾತನ್ನು ಇಲ್ಲಿ ಯಾರೂ ತೆಗೆದುಹಾಕುವುದಿಲ್ಲ.

ರಾತ್ರಿ ಮತ್ತೆ ನಕ್ಷೆಯ ಮುಂದೆ ಕೂರುತ್ತೀರಿ. ತೊಡೆಯ ಮೇಲೆ ಆ ತಣ್ಣೀರಿನ ಪೆಟ್ಟು ಇನ್ನೂ ಇದ್ದಂತಿದೆ. ಕಾಳಿಯ ಮೇಲೆ ಬೆರಳಿಡುತ್ತೀರಿ. ಅಲ್ಲಿ ಹರಿವು ಸೂಪಾ ಅಣೆಕಟ್ಟಿನಿಂದ ಬಿಡುವ ನೀರಿಗೆ ತಕ್ಕಂತೆ. ರಾಫ್ಟಿನಿಂದ ಬಿದ್ದರೆ ನಿಲ್ಲಲು ಹೋಗಬಾರದು, ಬಂಡೆಯ ಸಂದಿಯಲ್ಲಿ ಕಾಲು ಸಿಕ್ಕಿದರೆ ಸೆಳವು ಮೈಯನ್ನು ಮುಂದಕ್ಕೆ ಕೆಡವುತ್ತದೆ. ಅಂಗಾತ ಮಲಗಿ, ಪಾದ ಮೇಲೆತ್ತಿ, ಹರಿವಿನ ಕಡೆಗೆ ಚಾಚಬೇಕು. ನೇತ್ರಾಣಿಯಲ್ಲಿ ಸಿಲಿಂಡರ್ ಕಟ್ಟಿ ಮುಳುಗಿದಾಗ ಹೆದರಿ ಉಸಿರು ಬಿಗಿಹಿಡಿಯಬಾರದು, ಮೇಲೇರುವಾಗ ಎದೆಯೊಳಗಿನ ಗಾಳಿ ಹಿಗ್ಗಿ ಶ್ವಾಸಕೋಶವನ್ನೇ ಹರಿದೀತು. ನಿಲ್ಲು ಎನ್ನುತ್ತದೆ ಮೈ, ಉಸಿರು ಕಟ್ಟು ಎನ್ನುತ್ತದೆ. ಎರಡೂ ತಪ್ಪು.

ಕಡಲಿನಿಂದ ಕಾಳಿಗೆ ಎಳೆದ ಗೆರೆಯನ್ನು ಅಳಿಸುತ್ತೀರಿ. ಒಮ್ಮೆ ಮುಳುಗಿದವರೂ ಕನಿಷ್ಠ 12 ಗಂಟೆ ವಿಮಾನ ಹತ್ತಬಾರದು, ರಕ್ತದಲ್ಲಿ ಕರಗಿದ ಸಾರಜನಕ ಗುಳ್ಳೆಯಾಗುತ್ತದೆ. ಘಟ್ಟದ ಎತ್ತರಕ್ಕೂ ಅದೇ ಎಚ್ಚರ. ಮುಳುಗಿದ ರಾತ್ರಿ ದಂಡೆಯಲ್ಲೇ ಮಲಗುವುದು ಎಂದು ಬರೆಯುತ್ತೀರಿ.

ಇನ್ನು ಯಾವ ತಿಂಗಳು ಎಂಬ ಲೆಕ್ಕ. ದಸರಾ ರಜೆಯ ಹೊತ್ತಿಗೆ ಕಡಲಿನ ಸಿಟ್ಟು ಪೂರ್ತಿ ಇಳಿದಿರುವುದಿಲ್ಲ. ಬೇಸಿಗೆ ರಜೆಯ ಹೊತ್ತಿಗೆ ಹೊನ್ನೇಮರಡಿನಲ್ಲಿ ಲಿಂಗನಮಕ್ಕಿಯ ಹಿನ್ನೀರು ಸರಿದು ಕೆಸರು, ಬೊಡ್ಡೆ ಏಳುತ್ತವೆ. ನೀರು ನಮ್ಮ ರಜೆ ಕೇಳುವುದಿಲ್ಲ. ಅದಕ್ಕೇ ಡಿಸೆಂಬರ್ ಎಂದುಕೊಂಡಿದ್ದಿರಿ. ಆದರೆ ಸ್ಕೂಬಾಕ್ಕೆ 10 ವರ್ಷ ತುಂಬಿರಬೇಕು. ಮಗಳಿಗೆ ತುಂಬುವುದು ಫೆಬ್ರವರಿಯಲ್ಲಿ.

ಅವಳನ್ನು ದೋಣಿಯಲ್ಲಿ ಕೂರಿಸಿ ನೀವೊಬ್ಬರೇ ಮುಳುಗಬಹುದು. ವಯಸ್ಸು ಸುಳ್ಳು ಬರೆಯಬಹುದು, ಯಾರು ಕೇಳುತ್ತಾರೆ? ಪೆನ್ನು ಆ ಸಾಲಿನ ಮೇಲೆ ಬಹಳ ಹೊತ್ತು ನಿಲ್ಲುತ್ತದೆ. ಆಮೇಲೆ ಡಿಸೆಂಬರಿಗೆ ಅಡ್ಡಗೆರೆ ಬೀಳುತ್ತದೆ.

“ಡಿಸೆಂಬರ್ ಅಂದಿದ್ದಿ,” ಮಗಳ ಗಂಟಲು ಕಟ್ಟಿದೆ.

ಉತ್ತರ ಹೇಳದೆ ಹೊಸ ಲೈಫ್ ಜಾಕೆಟ್ಟನ್ನು ಅವಳಿಗೆ ತೊಡಿಸುತ್ತೀರಿ. ಬಕಲ್ಲುಗಳು ಟಕ್, ಟಕ್, ಟಕ್ ಎಂದು ಬೀಳುತ್ತವೆ. ಎರಡೂ ಭುಜದ ಪಟ್ಟಿ ಹಿಡಿದು ಮೇಲಕ್ಕೆ ಎಳೆಯುತ್ತೀರಿ. ಜಾಕೆಟ್ಟು ಗಲ್ಲ ದಾಟಿ ಕಿವಿಯವರೆಗೆ ಏರುತ್ತದೆ. ಸಡಿಲ. ನೀರಿನಲ್ಲಾಗಿದ್ದರೆ ಅವಳು ಕೆಳಗೆ ಜಾರುತ್ತಿದ್ದಳು, ಜಾಕೆಟ್ಟು ಮೇಲೆ ಉಳಿಯುತ್ತಿತ್ತು. ಪಟ್ಟಿ ಬಿಗಿಯುತ್ತೀರಿ, ಮತ್ತೆ ಎಳೆಯುತ್ತೀರಿ, ಇನ್ನೂ ಬಿಗಿಯುತ್ತೀರಿ. ಮೂರನೇ ಸಲ ಎಳೆದಾಗ ಜಾಕೆಟ್ಟು ಒಂದೇ ಏರುವುದಿಲ್ಲ. ಅದರ ಜೊತೆಗೆ ಮಗಳ ಹಿಮ್ಮಡಿಯೂ ನೆಲ ಬಿಡುತ್ತದೆ.