ಬಚ್ಚಲಿಗೊಂದು ಕಲ್ಲು

ಎರಡು ವಾರದಿಂದ ಈ ಕಡೆ ತಲೆ ಹಾಕಲಾಗಲಿಲ್ಲ. ಯಾವಾಗಲೂ ಹೇಳುವ ಡೆಡ್‌ಲೈನ್ ನೆಪ ಅಲ್ಲ, ಈ ಸಲದ ಕಾರಣ ಕಲ್ಲು! ಮಟ್ಟುವಿನ ನಮ್ಮ ಮನೆಯ ಬಚ್ಚಲಿಗೆ ಹಾಸುವ ಕಲ್ಲು. ಇದೂ ಒಂದು ವಿಷಯವಾ ಅಂತ ನಗಬೇಡಿ, ಪೂರ್ತಿ ಕೇಳಿ.

ಕಳೆದ ಮಳೆಗಾಲದಲ್ಲಿ ಅಜ್ಜಿ ನುಣುಪು ಟೈಲ್ಸ್ ಮೇಲೆ ಜಾರಿ ಸೊಂಟದ ಮೂಳೆ ಮುರಿದುಕೊಂಡರು. ಆಪರೇಶನ್ ಆಗಿ ಈಗ ವಾಕರ್ ಹಿಡಿದು ನಡೆಯುತ್ತಾರೆ. ಆದರೆ ಸ್ನಾನಕ್ಕೆ ಅಮ್ಮ ಜೊತೆಗಿರಬೇಕು. ಇಷ್ಟು ವರ್ಷ ಯಾರ ಹಂಗೂ ಇಲ್ಲದೆ ಮಿಂದವರಿಗೆ ಬಿದ್ದ ನೋವಿಗಿಂತ ಇದೇ ದೊಡ್ಡ ನೋವು. "ಬಾಗಿಲು ಹಾಕಿಕೊಂಡು ಒಬ್ಬಳೇ ಮೀಯುವ ಹಾಗೆ ಮಾಡಿ ಕೊಡು ಮಗಾ, ಮತ್ತೆಂತದೂ ಬೇಡ" ಅಂದರು. ನಮ್ಮ ಯಾವ ಕ್ಲೈಂಟೂ ಇಷ್ಟು ಸ್ಪಷ್ಟವಾಗಿ ರಿಕ್ವೈರ್‌ಮೆಂಟ್ ಹೇಳಿದ್ದು ನೆನಪಿಲ್ಲ :)

ಅಪ್ಪನ ಮನಸ್ಸಿನಲ್ಲಿದ್ದದ್ದು ಬಿಳಿ ಮಾರ್ಬಲ್. ಮುಂಬೈಯ ದೊಡ್ಡಪ್ಪನ ಮನೆಯಲ್ಲಿ ನೋಡಿದಾಗಿನಿಂದ ಅದೇ ಆಸೆ. ಕಲ್ಲಿನಂಗಡಿಯವರು ಕಡಪ, ಕೋಟಾ, ಗ್ರಾನೈಟ್ ಎಲ್ಲ ತೋರಿಸಿ "ಯಾವುದಾದ್ರೂ ಆಗ್ತದೆ ಮಾರಾಯ್ರೆ" ಅಂದುಬಿಟ್ಟರು. ನಾನು ಒಂದೊಂದರದ್ದೂ ಸಣ್ಣ ತುಂಡು ಕೇಳಿ ತಂದೆ. ಟೆಸ್ಟಿಂಗ್ ಮಾಡದೆ ರಿಲೀಸ್ ಮಾಡುವ ಜಾಯಮಾನ ನಮ್ಮದಲ್ಲವಲ್ಲ!

ಟೆಸ್ಟ್ ಒಂದು: ಲಿಂಬೆ ರಸ. ಅರ್ಧ ಗಂಟೆ ಬಿಟ್ಟು ಒರೆಸಿದರೆ ಮಾರ್ಬಲ್, ಕಡಪ, ಕೋಟಾ ಮೂರರಲ್ಲೂ ಹೊಳಪು ಹೋಗಿ ಮಂಕು ಕಲೆ. ಕಾರಣ ಸರಳ, ಮೂರೂ ಸುಣ್ಣದ ಅಂಶದ ಕಲ್ಲುಗಳೇ. ನಮ್ಮ ಕಲಬುರಗಿ ಕಡೆಯ ಶಹಾಬಾದ್ ಕಲ್ಲೂ ಅದೇ ಜಾತಿ. ಸುಣ್ಣಕ್ಕೆ ಆಸಿಡ್ ಆಗದು. ಸೀಗೆಕಾಯಿಯಲ್ಲೂ ಹುಳಿ ಇದೆ, ಟಾಯ್ಲೆಟ್ ತೊಳೆಯುವ ದ್ರಾವಣದ ಕತೆಯಂತೂ ಕೇಳಬೇಡಿ. ಗ್ರಾನೈಟ್‌ಗೆ ಏನೂ ಆಗಲಿಲ್ಲ.

ಟೆಸ್ಟ್ ಎರಡು: ತೆಂಗಿನೆಣ್ಣೆ. ಅಜ್ಜಿ ಮೈಗೆಲ್ಲ ಎಣ್ಣೆ ಹಚ್ಚಿಯೇ ಮೀಯುವುದು. ಮಾರ್ಬಲ್ ಎಣ್ಣೆ ಕುಡಿದು ಕಪ್ಪಾಯಿತು. ತಿಳಿ ಬಣ್ಣದ ಗ್ರಾನೈಟ್ ಕೂಡ ಸ್ವಲ್ಪ ಕುಡಿಯಿತು. ಹಾಗಾಗಿ ಗ್ರಾನೈಟ್ ಆದರೂ ಸೀಲರ್ ಬಳಿಯಲೇಬೇಕು, ಆಗಾಗ ಮತ್ತೆ ಬಳಿಯಬೇಕು.

ಮಟ್ಟುವಿಗೆ ಇನ್ನೊಂದು ಕಷ್ಟ ಇದೆ. ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ, ನಡುವೆ ನಾವು. ಬೇಸಗೆಯಲ್ಲಿ ನಮ್ಮ ಬಾವಿ ನೀರು ಉಪ್ಪಾಗುತ್ತದೆ. ರಂಧ್ರ ಜಾಸ್ತಿ ಇರುವ ಕಲ್ಲು ಉಪ್ಪುನೀರು ಹೀರಿ ಒಣಗಿದರೆ ಒಳಗೆ ಉಪ್ಪು ಹರಳುಗಟ್ಟಿ ಮೇಲ್ಮೈಯ ಚಕ್ಕೆ ಎಬ್ಬಿಸುತ್ತದೆ. ನೀರಲ್ಲಿ ಕಬ್ಬಿಣ ಇದ್ದರೆ ಬಿಳಿ ಮಾರ್ಬಲ್ ಮೇಲೆ ಕಂದು ಬಣ್ಣ. ಇಷ್ಟು ಹೇಳಿದ ಮೇಲೂ ಅಪ್ಪ ಮೌನ.

ಆಮೇಲೆ ಕಾರ್ಕಳದ ಗೊಮ್ಮಟನನ್ನು ಸಾಕ್ಷಿಗೆ ಕರೆಯಬೇಕಾಯಿತು. 1432ರಲ್ಲಿ ನಿಂತ 42 ಅಡಿಯ ಏಕಶಿಲೆ, ಆರು ಶತಮಾನದ ಕರಾವಳಿ ಮಳೆ ತಿಂದಿದೆ. ಮೇಲಿಂದ ಹನ್ನೆರಡು ವರ್ಷಕ್ಕೊಮ್ಮೆ ಹಾಲು, ಎಳನೀರು, ಅರಸಿನ, ಚಂದನದ ಮಜ್ಜನ. 2015ರದ್ದು ನಿಮಗೂ ನೆನಪಿರಬಹುದು. "ಅಷ್ಟು ಮಿಂದರೂ ನಿಂತಿರುವ ಜಾತಿಯ ಕಲ್ಲು ನಮ್ಮ ಬಚ್ಚಲಿಗೆ ಸಾಲದಾ ಅಪ್ಪ?" ಅಂದೆ. ನಕ್ಕರು. ಅರ್ಧ ಗೆದ್ದ ಹಾಗೆ.

ಇನ್ನರ್ಧ ಜಾರುವ ಪ್ರಶ್ನೆ. ಪಾಲಿಶ್ ಮಾಡಿದ ಗ್ರಾನೈಟ್ ಒದ್ದೆಯಾದರೆ ಟೈಲ್ಸ್‌ಗಿಂತ ಏನೂ ಕಡಿಮೆಯಿಲ್ಲ! ಅದಕ್ಕೆ ಫ್ಲೇಮ್ ಫಿನಿಶ್ ಅಂತ ಇದೆ. ಕಲ್ಲಿನ ಮೇಲೆ ಬೆಂಕಿಯ ಜ್ವಾಲೆ ಹಾಯಿಸುತ್ತಾರೆ. ಒಳಗಿನ ಕ್ವಾರ್ಟ್ಝ್ ಹರಳುಗಳು ಉಳಿದ ಖನಿಜಗಳಿಗಿಂತ ಜಾಸ್ತಿ ಹಿಗ್ಗುತ್ತವೆ. 573 ಡಿಗ್ರಿ ದಾಟಿದರೆ ಅವುಗಳ ರಚನೆಯೇ ಬದಲಾಗುತ್ತದೆ. ಮೇಲ್ಪದರ ಪಟಪಟ ಸಿಡಿದು ತರಿತರಿಯಾಗುತ್ತದೆ. ಕಪ್ಪು ಗ್ರಾನೈಟ್ ಅಂತ ಮಾರುವ ಕಲ್ಲುಗಳಲ್ಲಿ ಹೆಚ್ಚಿನವುಗಳಲ್ಲಿ ಕ್ವಾರ್ಟ್ಝ್ ಕಡಿಮೆ, ಅವಕ್ಕೆ ಇದು ಅಷ್ಟು ಒಪ್ಪುವುದಿಲ್ಲ. ಬೂದು ಬಣ್ಣದ್ದು ಒಳ್ಳೆಯದು.

ಕೊನೆಯ ಟೆಸ್ಟ್ ಅಜ್ಜಿಯದ್ದೇ. ಕುರ್ಚಿಯಲ್ಲಿ ಕೂರಿಸಿ, ಸೋಪು ನೀರು ಹಾಕಿದ ಎರಡು ತುಂಡು ಕಾಲ ಕೆಳಗಿಟ್ಟೆ. ಪಾಲಿಶ್ ತುಂಡಿನ ಮೇಲಿಂದ ಪಾದ ಸರ್ರನೆ ಜಾರಿತು. ಫ್ಲೇಮ್ ತುಂಡಿನ ಮೇಲೆ ಇಟ್ಟಲ್ಲೇ ನಿಂತಿತು. "ಇದು ನಮ್ಮ ಹಳೇ ಬಚ್ಚಲಿನ ಹಾಸುಗಲ್ಲಿನ ಹಾಗೇ ಉಂಟಲ್ಲ!" ಅಂದರು. ಹೌದು, ಉಳಿ ಏಟಿನ ಆ ಕಲ್ಲನ್ನು ಕಿತ್ತೇ ಟೈಲ್ಸ್ ಹಾಕಿಸಿದ್ದು.

ತೊಂದರೆ ಇಲ್ಲವೇ ಅಂದರೆ ಇದೆ. ತರಿಯಲ್ಲಿ ಸೋಪಿನ ಕೊಳೆ ಕೂರುತ್ತದೆ, ಬ್ರಶ್ ಹಾಕಿ ತಿಕ್ಕಬೇಕು. ಆ ಡ್ಯೂಟಿ ಅಪ್ಪ ವಹಿಸಿಕೊಂಡಿದ್ದಾರೆ. ಬದಲಿಗೆ ಒಂದು ಗೋಡೆಗೆ ಮಾರ್ಬಲ್ ಪಟ್ಟಿ, ನೀರು ಸಿಡಿಯದಷ್ಟು ಮೇಲೆ. ನೆಲದ ಇಳಿಜಾರು ಅಡಿಗೆ ಕಾಲಿಂಚು ಅಂತ ಮೇಸ್ತ್ರಿಗೆ ಬರೆದೇ ಕೊಟ್ಟಿದ್ದೇನೆ.

ಮುಂದಿನ ವಾರ ಕೆಲಸ ಶುರು. ಗೋಡೆಗೆ ಸ್ಟೀಲ್ ಹಿಡಿಕೆ ಬಾಕಿ ಇದೆ. ಉಪ್ಪುಗಾಳಿಗೆ 304ಕ್ಕಿಂತ 316 ದರ್ಜೆಯದ್ದು ಒಳ್ಳೆಯದು ಅಂತ ಓದಿದೆ. ಕಡಲ ಬದಿಯ ಮನೆಯವರು ಯಾರಾದರೂ ಹಾಕಿಸಿದ್ದರೆ, ಎಷ್ಟು ಎತ್ತರಕ್ಕೆ ಇಟ್ಟರೆ ಹಿರಿಯರಿಗೆ ಅನುಕೂಲ ಅಂತ ತಿಳಿಸ್ತೀರಾ?