ಕೆಂಡದಿಂದ ಹತ್ತು ಮಾರು ದೂರ

ಬೆಂಕಿ ಕಣ್ಣಿಗೆ ಕಾಣುತ್ತಿರುವ ತನಕ ಅದರ ಕಾವು ತಿಳಿಯಲು ಬೇರೆ ಸಾಧನ ಬೇಕಿಲ್ಲ. ಯಾದಗಿರಿ ಸೀಮೆಯ ನಮ್ಮೂರು ಬಳಿಚಕ್ರದ ಅಡುಗೆ ಹಿಂದಿನಿಂದಲೂ ತೆರೆದ ಬೆಂಕಿಯದು. ರೊಟ್ಟಿ ಬಡಿಯುವವಳು ಹಂಚಿನ ಮೇಲೆ ನಾಲ್ಕು ಹನಿ ನೀರು ಚಿಮುಕಿಸುತ್ತಾಳೆ. ಅವು ಚುರ್ರೆಂದು ಆರುವ ರೀತಿ ನೋಡಿಯೇ ಉರಿ ಹಿಂದಕ್ಕೆ ಎಳೆಯಬೇಕೋ, ಇನ್ನೊಂದು ಕಟ್ಟಿಗೆ ಒಳಗೆ ನೂಕಬೇಕೋ ಗೊತ್ತಾಗುತ್ತದೆ. ಚಳಿಗಾಲದಲ್ಲಿ ಹೊಲದಲ್ಲಿ ಸೀತನಿ ಸುಡುವಾಗಲೂ ಅಷ್ಟೇ. ಸಣ್ಣ ಕುಣಿ ತೋಡಿ, ಕುಳ್ಳು ಉರಿಸಿ ಕೆಂಡ ಮಾಡಿ, ಹಾಲುಗಾಳಿನ ಜೋಳದ ತೆನೆಗಳನ್ನು ಅದರೊಳಗೆ ಹೊರಳಿಸುತ್ತಾರೆ. ತೆನೆಯ ಹಸಿರು ಮಾಸಿ, ಹಸಿ ವಾಸನೆ ಹೋಗಿ ಸಿಹಿ ಕಂಪು ಏಳುತ್ತಲೇ ಹೊರಗೆಳೆದು, ಬಿಸಿಬಿಸಿ ಇರುವಾಗಲೇ ಉಜ್ಜಿ ಕಾಳು ಬಿಡಿಸಬೇಕು. ತುಸು ತಡವಾದರೆ ಕಾಳು ಗಟ್ಟಿ, ಬೇಗ ತೆಗೆದರೆ ಹಿಟ್ಟು ಹಿಟ್ಟು. ಜೋಳದ ಕಾಳಿನೊಳಗೆ ಯಾವ ಥರ್ಮಾಮೀಟರೂ ಹೋಗದು. ಅಲ್ಲಿ ಮೂಗು ಹೇಳಿದ್ದೇ ಮಾತು.

ಬೆಂಕಿಗೆ ಮುಚ್ಚಳ ಬಿತ್ತೆಂದರೆ ಲೆಕ್ಕವೇ ಬೇರೆ. ಅಮೆರಿಕದ ಇಲಿನಾಯ್ ರಾಜ್ಯದ ಜಾರ್ಜ್ ಸ್ಟೀಫನ್, ತಾನಿದ್ದ ವೆಬರ್ ಬ್ರದರ್ಸ್ ಲೋಹದ ಕಾರ್ಖಾನೆಯಲ್ಲಿ ನೀರಿನ ಮೇಲೆ ತೇಲಿಬಿಡಲು ತಯಾರಾಗುತ್ತಿದ್ದ ಉಕ್ಕಿನ ಗುಂಡನ್ನು 1952ರಲ್ಲಿ ನಡುವೆ ಕೊಯ್ಸಿ, ಕೆಳಗಿನ ಅರ್ಧಕ್ಕೆ ಕಾಲು, ಮೇಲಿನ ಅರ್ಧಕ್ಕೆ ಹಿಡಿಕೆ ಹಚ್ಚಿದ. ಮುಚ್ಚಳದ ಗ್ರಿಲ್ ಮನೆಮನೆಗೆ ಹೋದದ್ದು ಅಲ್ಲಿಂದ. ಗಾಳಿ ಮಳೆಯ ಕಾಟ ತಪ್ಪಿತು, ಮಾಂಸ ನಾಲ್ಕೂ ಕಡೆಯಿಂದ ಬೇಯತೊಡಗಿತು. ಆದರೆ ಒಳಗೆ ಏನು ನಡೆದಿದೆ ಎಂಬುದು ಮರೆಯಾಯಿತು. ನೋಡಲೆಂದು ಮುಚ್ಚಳ ಎತ್ತಿದರೆ ಕೂಡಿಟ್ಟ ಕಾವೆಲ್ಲ ಹಾರಿಹೋಗುತ್ತದೆ, ಗಾಳಿ ನುಗ್ಗಿ ಕೆಂಡ ಭಗ್ಗೆನ್ನುತ್ತದೆ.

ಬೆಂಗಳೂರಿನಲ್ಲಿರುವ ಅಣ್ಣನ ಮಗ ಎಳ್ಳ ಅಮಾವಾಸ್ಯೆಗೆ ಬರುವಾಗ ಇಂಥದೊಂದು ಗ್ರಿಲ್ಲನ್ನು ಕಾರಿನ ಡಿಕ್ಕಿಯಲ್ಲಿ ಹಾಕಿಕೊಂಡು ಬಂದಿದ್ದ. ಹಬ್ಬದ ದಿನ ಸಜ್ಜೆ ಕಡುಬು, ಭಜ್ಜಿ, ಹೊಲದ ತುಂಬ ಚರಗ. ಮರುದಿನ ಅದೇ ಹೊಲದ ಬೇವಿನ ಗಿಡದ ಹತ್ತಿರ ಗ್ರಿಲ್ ಇಳಿಯಿತು. ಇದ್ದಿಲು ಮಾತ್ರ ನಮ್ಮದೇ, ಬಳ್ಳಾರಿ ಜಾಲಿಯದು. ಇದನ್ನು ಕೇಳಿ ಅವನಿಗೆ ಬಹಳ ಖುಷಿಯಾಯಿತು. ಟೆಕ್ಸಾಸಿನವರು ಹೆಮ್ಮೆಯಿಂದ ಉರಿಸುವ ಮೆಸ್ಕೀಟ್ ಕಟ್ಟಿಗೆ ಇದೇ ಜಾಲಿಯ ದಾಯಾದಿ. ಜಾಲಿಯ ಬೀಜ ಅಮೆರಿಕ ಖಂಡದ ಕಡೆಯಿಂದ ಕಡಪ ಸೀಮೆಗೆ ಬಂದದ್ದು 1870ರ ದಶಕದಲ್ಲಿ. ಹೊಲ, ಹಳ್ಳ, ಕೆರೆಯಂಗಳ ನುಂಗಿದ ಮುಳ್ಳು ಅದು, ರೈತ ಅದನ್ನು ಬೈಯದ ದಿನವಿಲ್ಲ. ಆದರೂ ಅದರ ಕೆಂಡದಷ್ಟು ಹೊತ್ತು ನಿಲ್ಲುವ ಕೆಂಡವನ್ನು ನಾನು ಕಂಡಿಲ್ಲ.

ಆಡಿನ ಹಿಂದೊಡೆಗೆ ಉಪ್ಪು, ಖಾರ, ಬಳ್ಳೊಳ್ಳಿ ತಿಕ್ಕಿ ಇಟ್ಟಿತ್ತು. ಹುಡುಗ ಡಬ್ಬಿಯಿಂದ ಬೆರಳುದ್ದದ ಉಕ್ಕಿನ ಕಡ್ಡಿ ತೆಗೆದ, ತಂತಿಯಿಲ್ಲದ ಥರ್ಮಾಮೀಟರ್ ಅದು. ಒಂದು ತುದಿ ಚೂಪು, ಇನ್ನೊಂದು ತುದಿ ಕಪ್ಪು. ತೊಡೆಯ ದಪ್ಪ ಭಾಗ ನೋಡಿ, ಎಲುಬಿಗೆ ತಾಗದಂತೆ, ಮೈಮೇಲಿನ ಗೆರೆ ಮುಚ್ಚುವವರೆಗೆ ಚುಚ್ಚಿದ. ಎಲುಬಿಗೆ ತಾಗಿದರೆ ಲೆಕ್ಕ ತಪ್ಪುತ್ತದೆ. ಗೆರೆ ಹೊರಗುಳಿದರೆ ಒಳಗಿನ ಎಲೆಕ್ಟ್ರಾನಿಕ್ಸ್ ಸುಟ್ಟುಹೋಗುತ್ತದೆ, ಏಕೆಂದರೆ ಖಂಡದ ತೇವವೇ ಅದಕ್ಕೆ ರಕ್ಷಣೆ. ಚೂಪು ತುದಿ ಖಂಡದ ನಡುವಿನ ಬಿಸಿ ಹೇಳುತ್ತದೆ, ಕಪ್ಪು ತುದಿ ಗ್ರಿಲ್ಲಿನ ಒಳಗಾಳಿಯ ಬಿಸಿ ಹೇಳುತ್ತದೆ. ಉಕ್ಕಿನ ಮುಚ್ಚಳ ರೇಡಿಯೊ ಅಲೆಗಳನ್ನು ತಡೆಯುತ್ತದೆ. ಹೊಗೆ ಹೋಗುವ ಕಂಡಿಯಿಂದ ನುಸುಳಿದಷ್ಟೇ ಬ್ಲೂಟೂತ್ ಹೊರಗೆ ಬರುತ್ತದೆ. ಅದಕ್ಕೆ ಕಡ್ಡಿಯ ಡಬ್ಬಿಯನ್ನು ಗ್ರಿಲ್ಲಿನ ಪಕ್ಕದ ಬಂಡೆಯ ಮೇಲಿಟ್ಟ. ಆ ಡಬ್ಬಿಯೇ ಸುದ್ದಿ ಹಿಡಿದು ದೂರದ ಫೋನಿಗೆ ದಾಟಿಸುತ್ತದೆ.

ಕಂಡಿ ಕಿರಿದು ಮಾಡಿ, ಹಿಗ್ಗಿಸಿ, ಒಳಗಾಳಿಯನ್ನು 120 ಡಿಗ್ರಿಯ ಆಸುಪಾಸಿನಲ್ಲಿ ನಿಲ್ಲಿಸಿದ. ಖಂಡದ ಅಂಕಿ ಸರಸರ ಏರಿತು, 40, 55, 66. ಆಮೇಲೆ 68ಕ್ಕೆ ಬಂದು ಕೂತುಬಿಟ್ಟಿತು. ಬೆಂಕಿ ಹಾಗೇ ಇದೆ, ಅಂಕಿ ಕದಲುತ್ತಿಲ್ಲ. ಅವ್ವ ಕೇಳಿದಳು, "ಇದ್ದಿಲು ಆರ್ತೇನೋ? ಇನ್ನಷ್ಟು ಹಾಕು."

"ಬ್ಯಾಡ ಆಯಿ, ಖಂಡ ಬೆವರ್ಲಿಕತ್ತದ. ಬೆವರು ಆರೂತನಕ ಬಿಸಿ ಏರಂಗಿಲ್ಲ."

ಅವನು ಹೇಳಿದ್ದು ನಿಜವಾದ ಭೌತಶಾಸ್ತ್ರ. ಖಂಡದ ಮೈಮೇಲಿನ ನೀರು ಆವಿಯಾಗುವಾಗ ಬಿಸಿಯನ್ನು ಹೊತ್ತೊಯ್ಯುತ್ತದೆ. ಕೆಂಡ ಕೊಟ್ಟದ್ದೂ ಆವಿ ಒಯ್ದದ್ದೂ ಸರಿಸಮವಾದಾಗ ಅಂಕಿ ನಿಂತಲ್ಲೇ ನಿಲ್ಲುತ್ತದೆ. ಬೇಸಿಗೆಯಲ್ಲಿ ನಮ್ಮ ಪಡಸಾಲೆಯ ಮಣ್ಣಿನ ಹರವಿಯಲ್ಲಿ ನೀರು ತಣ್ಣಗಾಗುವುದೂ ಇದರಿಂದಲೇ. ಅವ್ವನಿಗೆ ಹರವಿಯ ಮಾತು ಹೇಳಿದ್ದೇ ತಡ, ಇದ್ದಿಲಿನ ಚೀಲದ ಬಾಯಿ ಕಟ್ಟಿದಳು. ಖಂಡದ ನರಕಟ್ಟು ಕರಗಿ ಅಂಟಂಟಾದ ರಸವಾಗಲು ಇಂಥ ನಿಧಾನವೇ ಬೇಕು. 90 ದಾಟಿದ ಮೇಲೆ ತೊಡೆ ಎಲುಬಿನಿಂದ ತಾನಾಗಿ ಬಿಡುತ್ತದೆ. ಕೋಳಿಗೆ ಅಷ್ಟು ಬೇಡ, ಆದರೆ 74 ದಾಟಲೇಬೇಕು, ಇಲ್ಲವಾದರೆ ಹೊಟ್ಟೆ ಕೆಡಿಸುವ ರೋಗಾಣು ಉಳಿದೀತು. ಹೊರಗೆ ಕರಿ ಹಿಡಿದ ಕೋಳಿಯ ತೊಡೆಸಂದಿನಲ್ಲಿ ಹಸಿ ಉಳಿದಿದೆಯೋ ಇಲ್ಲವೋ ಎಂಬುದನ್ನು ಎಂಥ ಪಳಗಿದ ಕೈಯೂ ಮೇಲಿಂದ ಮುಟ್ಟಿ ಹೇಳಲಾರದು.

ಇಷ್ಟೆಲ್ಲ ತಿಳಿದು ಮೆಚ್ಚಿದೆನಾದರೂ, ನನ್ನ ಮನಸ್ಸು ಹಿಡಿದದ್ದು ಬೇರೆಯೇ. ಅವತ್ತು ಅವ್ವ ಕೆಂಡದಿಂದ ಹತ್ತು ಮಾರು ದೂರ, ಬೇವಿನ ನೆರಳಿನಲ್ಲಿ, ಕಾಲು ಚಾಚಿ ಕೂತಿದ್ದಳು. ಹಿಂದೆ ಒಲೆ ಹೊತ್ತಿದ ಮೇಲೆ ಅವಳು ಹೀಗೆ ಕೂತದ್ದನ್ನು ನಾನು ನೋಡಿರಲಿಲ್ಲ. ನಮ್ಮ ಯಾದಗಿರಿ ಸೀಮೆಯ ಬೇಸಿಗೆ 44 ಡಿಗ್ರಿ ಮುಟ್ಟುತ್ತದೆ. ಆ ಬಿಸಿಲನ್ನು ಅಳೆಯಲು ಸರಕಾರದ ವ್ಯವಸ್ಥೆಯೇ ಇದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಹೋಬಳಿಗಳಲ್ಲಿ ನಿಲ್ಲಿಸಿದ ಯಂತ್ರಗಳು 15 ನಿಮಿಷಕ್ಕೊಮ್ಮೆ ಬಿಸಿ, ತೇವ, ಗಾಳಿಯ ಲೆಕ್ಕವನ್ನು ತಂತಿಯಿಲ್ಲದೆ ಬೆಂಗಳೂರಿಗೆ ಕಳಿಸುತ್ತವೆ. ಹೊಲದ ಬಿಸಿಲಿನ ಮೇಲೆ ಒಲೆಯ ಬಿಸಿಯೂ ಸೇರಿ ಅಡುಗೆಮನೆಯೊಳಗೆ ಎಷ್ಟಾಯಿತು ಎಂಬುದನ್ನು ಯಾರೂ ಅಳೆದು ಎಲ್ಲಿಗೂ ಕಳಿಸಿಲ್ಲ. ಮೇ ತಿಂಗಳ ನಡುಮಧ್ಯಾಹ್ನ ಮನೆಮಂದಿಗೆಲ್ಲ ರೊಟ್ಟಿ ಬಡಿದು ಎದ್ದ ಹೆಂಗಸಿನ ಕೆಂಪು ಕಣ್ಣು, ಮುಂಗೈಯ ಮೇಲಿನ ಹಳೆಯ ಸುಟ್ಟ ಕಲೆಗಳು, ಆ ಲೆಕ್ಕ ಬರೆದಿಟ್ಟಿರುವುದು ಅಲ್ಲಷ್ಟೇ. ಬೆಂಕಿಯ ಅರಿವು ಬೇಕೆಂದರೆ ಬೆಂಕಿಯ ಮುಂದೆ ಬೇಯಬೇಕು ಎಂದು ನಾವು ನಂಬಿದ್ದೆವು. ನಂಬಿದವರು ನಾವು, ಬೆಂದವರು ಅವರು.

ಫೋನು ಕೂಗಿದ್ದು 92ಕ್ಕೆ. ಖಂಡ ಹೊರಗೆ ತೆಗೆದು, ಮೇಲೆ ಬುಟ್ಟಿ ಮುಚ್ಚಿ, ತುಸು ಹೊತ್ತು ಬಿಟ್ಟು ಎಳೆ ಎಳೆಯಾಗಿ ಬಿಡಿಸಿದೆವು. ಖಡಕ್ ರೊಟ್ಟಿ, ಪುಂಡಿಪಲ್ಲೆ, ಹಸಿ ಉಳ್ಳಾಗಡ್ಡಿ. ಅವ್ವ ಮೊದಲ ಪಂಕ್ತಿಯಲ್ಲೇ ಉಂಡಳು.

ಉಂಡು ಕೈ ತೊಳೆದವಳು ಕಡ್ಡಿಯನ್ನು ಕೇಳಿ ಇಸಿದುಕೊಂಡು, ತಿರುಗಿಸಿ ನೋಡಿ, ಮೊಮ್ಮಗನಿಗೆ ಹೇಳಿದಳು: "ಕುಳ್ಳಿನ ಒಲಿ ಮ್ಯಾಲ ಹಾಲು ಇಟ್ಟು ಮುಂಜಾನೆಲ್ಲ ಕಾಯ್ಕೋತ ಕೂಡೋದಾಗೇದ. ಹಾಲಿಗೂ ನಡೀತದೇನು?"

"ನಡೀತದ ಆಯಿ. ಚೂಪು ತುದಿ ಅಷ್ಟೇ ಮುಳುಗಬೇಕು, ಕರಿ ತುದಿ ಮ್ಯಾಲ ಇರಬೇಕು. ಉಕ್ಕೂಕಿನ ಮೊದಲs ಕೂಗ್ತದ."

"ಹಂಗಾದ್ರ ಇದು ಬ್ಯಾಡ. ಖಂಡಕ್ಕ ಚುಚ್ಚಿದ್ದು ಹಾಲಿಗೆ ಬರಂಗಿಲ್ಲ. ಮುಂದಿನ ಸಲ ಬರೂಮುಂದ ಬ್ಯಾರೆದೊಂದು ತಾ."